ಕಾಲಿಂಗ್ ಬೆಲ್ಲಿನ ಕಂಪ್ಯೂಟರು

ಕಾಸಿದ್ದವನು ಕಂಪ್ಯೂಟರ್ ಕೊಂಡರೆ ಅವನಿಗೆ ಕಂಪ್ಯೂಟರ್ ಮಾತ್ರ ಸಿಗುತ್ತದೆ. ಕಾಸಿಲ್ಲದವನು ತಾನೇ ಮಾಡಲು ಹೊರಟರೆ ಒಂದೊಂದು ಬಿಡಿಭಾಗದ ಜೊತೆಗೂ ಒಂದೊಂದು ಫಜೀತಿ ಪುಕ್ಕಟೆ. ನನಗೆ ಸಿಕ್ಕಿದ ಫಜೀತಿಗಳಲ್ಲಿ ನಾಲ್ಕು ಜನರ ಮುಂದೆ ಹೇಳಬಹುದಾದವು ಇವು.

ಎಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ, ನಮ್ಮ ಮನೆಗೆ ಅಂಟಿಕೊಂಡೇ ನಾಲ್ಕು ಪವರ್‌ಲೂಮ್ ಮಗ್ಗಗಳ ಶೆಡ್ಡು. ಶೆಡ್ಡಿನ ಪಕ್ಕದ ಸಣ್ಣ ರೂಮಿನಲ್ಲಿ ನಾನು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದೆ. ತಂಗಿ ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಂದು ಸಲ ಇಬ್ಬರೂ ಕೊಯಮತ್ತೂರಿನ ಎಕ್ಸಿಬಿಷನ್ನಿಗೆ ಹೋದೆವು. ಅಲ್ಲಿ ಟೀವಿ ಪರದೆಯ ಮೇಲೆ ಆಡುವ ವಿಡಿಯೋ ಗೇಮ್ ಇಟ್ಟಿದ್ದರು. ಬಸ್ಸಿನ ಕಾಸನ್ನೂ ಅದಕ್ಕೇ ಸುರಿದು, ಅವಿನಾಶಿ ರೋಡಿನಲ್ಲಿ ಅರ್ಧ ದಾರಿ ನಡೆದು, ಮಿಕ್ಕರ್ಧ ಹತ್ತಿಮೂಟೆಯ ಲಾರಿಯ ಮೇಲೆ ಕೂತು ಮನೆ ಸೇರಿದೆವು. ಲಾರಿಯ ಮೇಲೇ ತೀರ್ಮಾನವಾಯಿತು: ಅಂಥ ಮಿಷಿನ್ನು ನಾವೇ ಮಾಡಬೇಕು. ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಅದರ ನಕ್ಷೆ ಬಂದಿತ್ತು. ಉಳಿದದ್ದು ಬರೀ ಸಾಮಾನು ಸೇರಿಸುವುದು ಎಂದುಕೊಂಡೆವು.

ಅಪ್ಪನಿಗೆ ಆ ರೂಮಿನ ಮೇಲೆ ಬೇರೆ ಆಸೆ ಇತ್ತು. "ಆಯುಧ ಪೂಜೆ ಹೊತ್ತಿಗೆ ನಿನ್ನ ಪೆಟ್ಟಿ ಆಟ ಆಡಿದ್ರೆ ರೂಮು ನಿಂದು. ಇಲ್ಲಾಂದ್ರೆ ಅಲ್ಲಿ ಐದನೇ ಮಗ್ಗ ಹಾಕ್ತೀನಿ. ಅದರ ಹಿಂದೆ ನೀನೇ ನಿಲ್ಲಬೇಕು," ಅಂದರು. ನನಗೆ ಮಗ್ಗದ ಸದ್ದು ಕೇಳಿದರೇ ತಲೆನೋವು. ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ.

೧. ಎಷ್ಟು ರೂಮು?

ಕಂಪ್ಯೂಟರಿಗೆ ಕೀಬೋರ್ಡ್ ಬೇಕು. ಅದರ ಬೆಲೆ ಕೇಳಿ ಅಂಗಡಿಯ ಮೆಟ್ಟಿಲು ಇಳಿಯುವಾಗ ತಂಗಿ ಅಂದಳು: "ಅಣ್ಣ, ಒತ್ತಿದ್ರೆ ಕರೆಂಟ್ ಹೋಗಬೇಕು, ಬಿಟ್ರೆ ನಿಲ್ಲಬೇಕು, ಅಷ್ಟೇ ತಾನೆ? ಕಾಲಿಂಗ್ ಬೆಲ್ ಸ್ವಿಚ್ಚು ಸಾಲದಾ?"

ಸಾಲುತ್ತಿತ್ತು. ನಮ್ಮೂರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಲವತ್ತು ಬೆಲ್ ಸ್ವಿಚ್ಚು ಕೇಳಿದೆ. ಅಂಗಡಿಯವರು ಕುರ್ಚಿಯಿಂದ ಎದ್ದು ನಿಂತರು. ಅಲ್ಲಿಯವರೆಗೆ ನನಗಾಗಿ ಅವರು ಎದ್ದದ್ದೇ ಇಲ್ಲ.

"ಎನ್ನ ತಂಬಿ, ಲಾಡ್ಜ್ ಕಟ್ಟರೀಂಗಳಾ?" ಅಂತ ತಮಿಳಿನಲ್ಲಿ ಕೇಳಿ ಸೋಡಾ ತರಿಸಿದರು. ಕಂಪ್ಯೂಟರ್ ಎಂದರೆ ಅರ್ಧ ಗಂಟೆ ವಿವರಿಸಬೇಕಾಗುತ್ತದೆ ಎಂಬ ಸೋಮಾರಿತನಕ್ಕೆ ನಾನು ನಕ್ಕು ಸುಮ್ಮನಾದೆ. ಲಾಡ್ಜಿನ ಯಜಮಾನನಿಗೆ ಕೊಡುವ ರಿಯಾಯಿತಿ ಬಿಡಲು ಮನಸ್ಸು ಬರಲಿಲ್ಲ ಎಂಬುದೂ ನಿಜ.

ಮೂರನೇ ದಿನ ಪಕ್ಕದ ಊರು ಅನ್ನೂರಿನಿಂದ ಹಿರಿಯರೊಬ್ಬರು ಮನೆಗೇ ಬಂದರು. ಮಗಳ ಮದುವೆ ಇತ್ತಂತೆ, ಗಂಡಿನ ಕಡೆಯವರಿಗೆ ಆರು ರೂಮು ಬೇಕಂತೆ. ಅಪ್ಪ ಮಗ್ಗ ನಿಲ್ಲಿಸಿ ಬಂದು, "ಯಾವ ಲಾಡ್ಜು? ನನ್ನತ್ರ ಇರೋದು ಒಂದೇ ರೂಮು, ಅದೂ ತಕರಾರಲ್ಲಿದೆ," ಅಂದರು. ಹಿರಿಯರು ಗೋಡೆಗೆ ಒರಗಿಸಿದ್ದ ಹಲಗೆಯಲ್ಲಿ ಸಾಲಾಗಿ ಕೂರಿಸಿದ್ದ ನಲವತ್ತು ಸ್ವಿಚ್ಚನ್ನು ನೋಡಿದರು. ಅಪ್ಪ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಂದು, "ಬಿಸಿನೀರು ಇರತ್ತೆ ತಾನೆ?" ಅಂದರು.

೨. ಎದೆನೋವು

ಕಂಪ್ಯೂಟರಿನ ಮಿದುಳು ಒಂದು ಕಪ್ಪು ಚಿಪ್. ಜರಿಹುಳದ ಹಾಗೆ ಎರಡೂ ಕಡೆ ಸಾಲು ಸಾಲು ಕಾಲು. ಒಂದು ಕಾಲು ಮುರಿದರೆ ಮಿದುಳು ಹೋಯಿತು. ನನ್ನ ಸೈಕಲ್ ಮಾರಿ ಕೊಯಮತ್ತೂರಿನ ಗಾಂಧಿಪುರದಲ್ಲಿ ಅದನ್ನು ಕೊಂಡು, ಅಂಗಿಯ ಜೇಬಿನಲ್ಲಿಟ್ಟು ಬಸ್ಸು ಹತ್ತಿದೆ. ಒಳಗೆ ಕಾಲಿಡಲು ಜಾಗವಿಲ್ಲ. ಜೇಬಿನ ಮೇಲೆ ಎರಡೂ ಕೈ ಒತ್ತಿ, ಹಲ್ಲು ಕಚ್ಚಿ, ಬೆವರುತ್ತ ನಿಂತೆ.

ಒಬ್ಬ ಹೆಂಗಸು ನನ್ನ ಮುಖ ನೋಡಿ, "ಅಯ್ಯೋ, ಈ ತಂಬಿಗೆ ಎದೆನೋವು," ಎಂದು ತಮಿಳಿನಲ್ಲಿ ಕೂಗಿದಳು. ಕ್ಷಣದಲ್ಲಿ ಮೂರು ಸೀಟು ಖಾಲಿಯಾಯಿತು. ನನ್ನನ್ನು ಮಲಗಿಸಿದರು. ಒಬ್ಬರು ಬೀಸಣಿಗೆ ಬೀಸಿದರು. ಇನ್ನೊಬ್ಬ ಮುದುಕರು ಮುಲಾಮು ಡಬ್ಬಿ ತೆಗೆದು, "ಕೈ ತೆಗಿ ಕಂದಾ, ನಾನು ಉಜ್ತೀನಿ," ಎಂದು ಎದೆಗೇ ಕೈ ಹಾಕಿದರು. ನಾನು ಬೇಡ ಬೇಡ ಎಂದು ಒದ್ದಾಡಿದಷ್ಟೂ ಅವರಿಗೆ ನೋವು ಜಾಸ್ತಿಯಾಗಿದೆ ಅನ್ನಿಸಿತು. ಇಬ್ಬರು ಕಾಲು ಹಿಡಿದರು, ಮುದುಕರು ಉಜ್ಜಿದರು. ಮನೆಗೆ ಬಂದು ನೋಡಿದರೆ ಚಿಪ್ಪಿನ ಮೂರು ಕಾಲು ಬಗ್ಗಿದ್ದವು. ಪುಣ್ಯಕ್ಕೆ ಮುರಿದಿರಲಿಲ್ಲ.

ಮುಂದಿನ ವಾರ ಅದೇ ಬಸ್ಸು, ಅದೇ ಕಂಡಕ್ಟರು. "ಈಗ ಹೇಗಿದೆ ತಂಬಿ?" ಅಂತ ಕಳಕಳಿಯಿಂದ ಕೇಳಿದರು. ನನ್ನ ತಲೆಯಲ್ಲಿ ಆ ಚಿಪ್ ಬಿಟ್ಟು ಬೇರೆ ಏನೂ ಇರಲಿಲ್ಲ. "ಪರವಾಯಿಲ್ಲ ಅಣ್ಣ, ಮೂರು ಕಾಲು ಬಗ್ಗಿತ್ತು, ಇಕ್ಕಳದಲ್ಲಿ ನೇರ ಮಾಡಿದೆ," ಅಂದೆ. ಅವರು ನನಗೆ ಟಿಕೆಟ್ ಕೊಡಲು ಮತ್ತೆ ಆ ಕಡೆ ಬರಲೇ ಇಲ್ಲ.

೩. ಎಂಥ ಮಗ್ಗ

ಬೆಲ್ ಸ್ವಿಚ್ಚಿನ ಕೀಬೋರ್ಡ್ ಒಂದು ಬಾಗಿಲಿನಷ್ಟು ಉದ್ದ ಬಂತು. ಒಬ್ಬನಿಗೆ ಕೈ ಎಟಕುತ್ತಿರಲಿಲ್ಲ. ಎಡಗಡೆಯ ಗುಂಡಿಗಳಿಗೆ ನಾನು, ಬಲಗಡೆಯವಕ್ಕೆ ತಂಗಿ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಆಟದ ಪ್ರೋಗ್ರಾಮನ್ನು ಇಬ್ಬರೂ ಸೇರಿ ಸಂಖ್ಯೆ ಸಂಖ್ಯೆಯಾಗಿ ಒತ್ತಬೇಕು. ಊಟ ಬಿಟ್ಟು ಒತ್ತಿದೆವು. ಕೊನೆಯ ಸಾಲಿಗೆ ಬಂದಾಗ ಕರೆಂಟು ಹೋಯಿತು. ಪಕ್ಕದಲ್ಲಿ ನಾಲ್ಕು ಮಗ್ಗವೂ ನಿಂತವು. ಕರೆಂಟು ಬಂದಾಗ ಟೀವಿಯ ಪರದೆ ತೊಳೆದಿಟ್ಟ ತಟ್ಟೆ. ಒತ್ತಿದ್ದರಲ್ಲಿ ಒಂದು ಸಂಖ್ಯೆಯೂ ಉಳಿದಿರಲಿಲ್ಲ.

ತಂಗಿ ಅಳುವುದೊಂದು ಬಾಕಿ. ಅಪ್ಪ ಬಾಗಿಲಲ್ಲಿ ನಿಂತು ವಿಚಾರಿಸಿದರು. ಕರೆಂಟು ಹೋದರೆ ಇದಕ್ಕೆ ಎಲ್ಲಾ ಮರೆತುಹೋಗುತ್ತದೆ ಎಂದು ಹೇಳಿದೆ. ಅವರು ಶೆಡ್ಡಿನ ಕಡೆ ಕೈ ತೋರಿಸಿದರು.

"ಕರೆಂಟ್ ಹೋದ್ರೆ ನನ್ನ ಮಗ್ಗ ನಿಲ್ಲತ್ತೆ, ಸರಿ. ಆದ್ರೆ ಬೆಳಗಿಂದ ನೇಯ್ದ ಬಟ್ಟೆ ಬಿಚ್ಚಿಕೊಂಡು ವಾಪಸ್ ನೂಲಾಗಲ್ಲ ಕಣಪ್ಪ. ಇದನ್ನ ಮಾಡಿದವನು ಯಾರೋ, ಅವನ ಮನೇಲಿ ಕರೆಂಟೇ ಹೋಗಲ್ಲ ಅಂತ ಕಾಣತ್ತೆ."

೪. ತಾಳವಿಲ್ಲದ ಹಾಡು

ಪ್ರೋಗ್ರಾಮನ್ನು ಸದ್ದಾಗಿ ಬದಲಿಸಿ ಟೇಪ್‌ರೆಕಾರ್ಡರಿನಲ್ಲಿ ಉಳಿಸಿಕೊಳ್ಳಬಹುದು ಎಂದು ಪತ್ರಿಕೆಯಲ್ಲೇ ಬರೆದಿತ್ತು. ಹೊಸ ಕ್ಯಾಸೆಟ್ಟಿಗೆ ಗತಿ ಇಲ್ಲ. ಅಮ್ಮನ ಭಕ್ತಿಗೀತೆಯ ಕ್ಯಾಸೆಟ್ಟಿನ ಎರಡನೇ ಮಗ್ಗುಲನ್ನು ಅವರು ಹಾಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಪ್ರೋಗ್ರಾಮನ್ನು ಮತ್ತೆ ಮೊದಲಿಂದ ಒತ್ತಿ ಅದರ ಮೇಲೆಯೇ ಉಳಿಸಿದೆ. ಕೀಂ ಎಂದು ಶುರುವಾಗಿ, ಆಮೇಲೆ ತಗಡಿನ ಮೇಲೆ ಮೊಳೆ ಗೀಚಿದ ಹಾಗೆ ಎರಡು ನಿಮಿಷ ಕಿರಿಚುವ ಸದ್ದು ಅದು.

ಅಮ್ಮ ಎರಡನೇ ಮಗ್ಗುಲು ಹಾಕುತ್ತಿರಲಿಲ್ಲ, ನಿಜ. ಆದರೆ ನಮ್ಮ ಕಡೆ ಆಡಿ ಎನ್ನುವ ಆಷಾಢ ತಿಂಗಳಲ್ಲಿ ಕ್ಯಾಸೆಟ್ಟನ್ನು ಚೌಡಮ್ಮನ ಗುಡಿಗೆ ಕೊಡುತ್ತಿದ್ದರು. ಗುಡಿಯಲ್ಲಿ ಮೈಕ್‌ಸೆಟ್ಟಿನವನು ಎರಡೂ ಮಗ್ಗುಲು ಹಾಕುತ್ತಿದ್ದ.

ಆಡಿ ಶುಕ್ರವಾರ, ಗುಡಿಯ ಮುಂದೆ ಜನಕ್ಕೆ ಅಂಬಲಿ ಹೊಯ್ಯುವ ಹೊತ್ತು. ವರ್ಷ ವರ್ಷವೂ ಮೈಮೇಲೆ ದೇವರು ಬರುವ ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಆ ವರ್ಷವೂ ಬಂತು. ಕೂದಲು ಬಿಚ್ಚಿ, ಬೇವಿನ ಸೊಪ್ಪು ಹಿಡಿದು ಆಡುತ್ತಿದ್ದಾರೆ, ಜನ ಕೈಮುಗಿದಿದ್ದಾರೆ. ಅಷ್ಟರಲ್ಲಿ ಮೈಕ್‌ಸೆಟ್ಟಿನವನು ಕ್ಯಾಸೆಟ್ ತಿರುಗಿಸಿದ. ನಾಲ್ಕು ಹಾರ್ನಿನಲ್ಲಿ ನಮ್ಮ ಪ್ರೋಗ್ರಾಮು ಕಿರಿಚಿತು. ನಾಯಿಗಳು ಓಡಿದವು. ತಂಗಿ ನನ್ನ ಬೆನ್ನ ಹಿಂದೆ ಅಡಗಿದಳು.

ಅಜ್ಜಿ ಹತ್ತು ಕ್ಷಣ ಅದಕ್ಕೂ ಆಡಲು ನೋಡಿದರು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ಮತ್ತೆ ತಡವರಿಕೆ. ಕೊನೆಗೆ ನಿಂತರು, ಕಣ್ಣು ತೆರೆದರು. ಮೈಕ್‌ಸೆಟ್ಟಿನವನ ಕಡೆ ತಿರುಗಿ, ತರಕಾರಿ ಅಂಗಡಿಯಲ್ಲಿ ಮಾತಾಡುವ ದನಿಯಲ್ಲಿ, "ತಾಳ ಇರೋದು ಹಾಕಪ್ಪ," ಅಂದರು. ಅವನು ಹಾಕಿದ. ಅವರು ಕಣ್ಣು ಮುಚ್ಚಿಕೊಂಡು ಬಿಟ್ಟಲ್ಲಿಂದ ಮುಂದುವರಿಸಿದರು.

೫. ರಾಕ್ಷಸನ್ನ ಯಾರು ಉಡ್ತಾರೆ

ಪತ್ರಿಕೆಯ ಆಟ ಇಷ್ಟೇ: ಮೇಲಿನಿಂದ ರಾಕ್ಷಸರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಕೆಳಗಿರುವ ಫಿರಂಗಿಯನ್ನು ಆ ಕಡೆ ಈ ಕಡೆ ಸರಿಸುತ್ತ ಹೊಡೆಯಬೇಕು. ಕೆಳಸಾಲು ರಾಕ್ಷಸರಿಂದ ತುಂಬಿದರೆ ನಾವು ಸೋತ ಹಾಗೆ. ಆದರೆ ರಾಕ್ಷಸರ ಚಿತ್ರ ಅಚ್ಚಾದ ಪುಟ ಹರಿದುಹೋಗಿತ್ತು. ನಾನೇ ಬರೆಯಬೇಕಾಯಿತು. ಚೌಕಳಿ ಕಾಗದ ಹರಡಿಕೊಂಡು, ಬೆಳಕು ಬೇಕಾದ ಮನೆಗೆ ಒಂದು, ಬೇಡದ ಮನೆಗೆ ಸೊನ್ನೆ ತುಂಬುತ್ತ ಕೂತೆ.

ನಮ್ಮ ತಾತ ಕಣ್ಣು ಮಂಜಾಗುವ ತನಕ ಜಕಾರ್ಡ್ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ಬುಟ್ಟಾ, ಅಂಚು ಎಲ್ಲವನ್ನೂ ಮೊದಲು ಚೌಕಳಿಯಲ್ಲಿ ಬರೆದು, ಆಮೇಲೆ ಮಗ್ಗದ ಅಟ್ಟೆಗೆ, ಅಂದರೆ ರಟ್ಟಿಗೆ, ತೂತು ಹೊಡೆಯುತ್ತಿದ್ದವರು. ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದೇನು, ಅಟ್ಟೆ ಹೊಡೀತಿದ್ದೀಯಾ?"

"ಇಲ್ಲ ತಾತ, ಇದು ಕಂಪ್ಯೂಟರಿಗೆ. ಒಂದು ಅಂದ್ರೆ ಬೆಳಕು, ಸೊನ್ನೆ ಅಂದ್ರೆ ಇಲ್ಲ."

"ಅದೇ ತಾನೆ ನಾನು ಕೇಳಿದ್ದು. ತೂತಿದ್ರೆ ನೂಲು ಏಳತ್ತೆ, ಇಲ್ಲಾಂದ್ರೆ ಇಲ್ಲ. ಇದಕ್ಕಾ ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿರೋದು?" ಎಂದು ಪೆನ್ಸಿಲ್ ಕಿತ್ತುಕೊಂಡರು.

ಒಂದು ಗಂಟೆಯಲ್ಲಿ ಅನ್ನಪಕ್ಷಿ, ಅಂದರೆ ಸೀರೆಯಂಚಿನ ಹಂಸ, ಬರೆದುಕೊಟ್ಟರು. ಕತ್ತು ಬಳುಕಿಸಿ, ಕೊಕ್ಕಿನಲ್ಲಿ ಎಳೆಬಳ್ಳಿ ಕಚ್ಚಿದ ಹಕ್ಕಿ. ಇದು ರಾಕ್ಷಸ ಆಗಬೇಕು ತಾತ, ಹೊಡೆಯುವುದಕ್ಕೆ ಅಂತ ಗೋಗರೆದೆ. ತಾತನ ಮುಖ ಗಂಟಿಕ್ಕಿತು. "ಐವತ್ತು ವರ್ಷ ನೇಯ್ದಿದ್ದೀನಿ. ರಾಕ್ಷಸನ್ನ ಹಾಕು ಅಂತ ಒಬ್ಬ ಹೆಂಗಸೂ ಕೇಳಿಲ್ಲ," ಅಂದರು.

೬. ಆಯುಧ ಪೂಜೆ

ನಮ್ಮಲ್ಲಿ ಆಯುಧ ಪೂಜೆಯ ದಿನ ಕರ್ಪೂರ ಬೆಳಗಿದ ಮೇಲೆ ಮಾರನೆಯ ದಿನದವರೆಗೆ ಯಾವ ಮಿಷಿನ್ನನ್ನೂ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು ರೂಮಿಗೆ ಬಂದರು. "ಕರ್ಪೂರಕ್ಕೆ ಇನ್ನೂ ಕಾಲು ಗಂಟೆ ಇದೆ. ಆಡಿಸೋದಾದ್ರೆ ಈಗ ಆಡಿಸು. ಮಗ್ಗದ ಫಿಟ್ಟರಿಗೆ ನಾಳಿದ್ದು ಬರಕ್ಕೆ ಹೇಳಿದ್ದೀನಿ," ಅಂದರು. ಹಿಂದಿನ ದಿನವೇ ಆಟ ಸರಿಯಾಗಿ ಓಡಿತ್ತು, ನನಗೆ ಧೈರ್ಯವಿತ್ತು.

ಕೀಬೋರ್ಡಿನ ಹಲಗೆ ನೋಡಿದೆ. ಧೈರ್ಯ ಹೋಯಿತು.

ಅಮ್ಮ ಬೆಳಗಿನ ಜಾವವೇ ಎದ್ದು ಮಗ್ಗ, ಕತ್ತರಿ, ಒರಳು, ಈಳಿಗೆಮಣೆ ಎಲ್ಲಕ್ಕೂ ಗಂಧ ಕುಂಕುಮ ಇಟ್ಟಿದ್ದರು. ನಲವತ್ತು ಗುಂಡಿಗಳಲ್ಲಿ ಒಂದಕ್ಕೂ ಮೋಸ ಮಾಡಿರಲಿಲ್ಲ. ಫಿರಂಗಿ ಹಾರಿಸುವ ಗುಂಡಿ ಮಾತ್ರ ಕೆಂಪಗೆ, ದೊಡ್ಡದಾಗಿತ್ತು. ಅದೇ ಉಳಿದವಕ್ಕೆಲ್ಲ ಯಜಮಾನ ಎಂದು ಎರಡು ಪಾಲು ಮೆತ್ತಿದ್ದರು. ಗಂಧ ಒಳಗಿಳಿದು ಒಣಗಿ, ಗುಂಡಿ ಸಿಮೆಂಟಿನಲ್ಲಿ ಹೂತ ಹಾಗೆ ಕೂತಿತ್ತು. ಬಿಚ್ಚಿ ಒರೆಸಲು ಸಮಯವಿಲ್ಲ. ಪಕ್ಕಪಕ್ಕದಲ್ಲೇ ಇದ್ದ, ಎಡಕ್ಕೆ, ಬಲಕ್ಕೆ ಸರಿಸುವ ಗುಂಡಿಗಳೇನೋ ಕೆಲಸ ಮಾಡುತ್ತಿದ್ದವು.

ಅಪ್ಪ ಆ ಗುಂಡಿಗಳ ಮುಂದೆ ಸ್ಟೂಲಿನ ಮೇಲೆ ಕೂತರು, ಸರಿಸುವುದು ಹೇಗೆಂದು ತೋರಿಸಿದೆ. ಪಕ್ಕದಲ್ಲಿ ತಾತ. ಮೊದಲ ಅನ್ನಪಕ್ಷಿ ಇಳಿಯಿತು. ನಾನು ಕೆಂಪು ಗುಂಡಿಯನ್ನು ಗುದ್ದಿದೆ. ಏನೂ ಆಗಲಿಲ್ಲ. ತಂಗಿ ಗುದ್ದಿದಳು. ಹಕ್ಕಿ ನಿಧಾನವಾಗಿ ಬಂದು ಕೆಳಸಾಲಿನಲ್ಲಿ ಕೂತಿತು.

"ಇಳೀಲಿ ಬಿಡ್ರಿ, ಗುದ್ದಬೇಡಿ," ಅಂದರು ತಾತ. "ಪಾಪ, ಎಲ್ಲಿಂದ ಬಂದಿದೆಯೋ."

ಎರಡನೆಯದು ಇಳಿಯಿತು. ಅದು ಸರಿಯಾಗಿ ಫಿರಂಗಿಯ ನೆತ್ತಿಯ ಮೇಲೇ ಬರುತ್ತಿತ್ತು. ಅಪ್ಪ ಗಾಬರಿಯಿಂದ ಫಿರಂಗಿಯನ್ನು ಪಕ್ಕಕ್ಕೆ ಸರಿಸಿದರು. "ಓ, ಜಾಗ ಬಿಡಬೇಕು," ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಅವರನ್ನು ಹಿಡಿಯುವವರಿಲ್ಲ. ಹಕ್ಕಿ ಎಡಕ್ಕೆ ಬಂದರೆ ಇವರು ಬಲಕ್ಕೆ, ಬಲಕ್ಕೆ ಬಂದರೆ ಎಡಕ್ಕೆ. ನಾಲಗೆ ಕಚ್ಚಿಕೊಂಡು, ಮೈ ಬಗ್ಗಿಸಿ, ಒಂದೊಂದು ಹಕ್ಕಿಯನ್ನೂ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿಕೊಂಡರು. ನಾನು ಗೋಡೆಗೆ ಒರಗಿ ಐದನೇ ಮಗ್ಗ ಎಲ್ಲಿ ಬರಬಹುದು ಎಂದು ಅಳೆಯುತ್ತಿದ್ದೆ.

ಕೆಳಸಾಲು ತುಂಬಿತು. ಪರದೆಯ ಉದ್ದಕ್ಕೂ ಒಂದರ ಹಿಂದೆ ಒಂದು ಅನ್ನಪಕ್ಷಿ, ಸೀರೆಯ ಅಂಚು ಹಾಸಿದ ಹಾಗೆ. ಟೀವಿ ಒಮ್ಮೆ ಕಪ್ಪಾಗಿ, ದಪ್ಪ ಇಂಗ್ಲಿಷ್ ಅಕ್ಷರದಲ್ಲಿ 'ಗೇಮ್ ಓವರ್' ಎಂದು ಮೂಡಿತು. ಅಪ್ಪ ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲಿ.

"ಏನು ಬರೆದಿದೆ?" ಅಂದರು.

ನನ್ನ ಬಾಯಿ ಒಣಗಿತ್ತು. ತಂಗಿಯ ಬಾಯಿ ಒಣಗಿರಲಿಲ್ಲ. "ನೀವು ಗೆದ್ದಿರಿ ಅಂತ ಬರೆದಿದೆ ಅಪ್ಪ. ಒಂದು ಹಕ್ಕಿಗೂ ಪೆಟ್ಟಾಗದ ಹಾಗೆ ಇಳಿಸಿದ್ದಕ್ಕೆ."

ಅಪ್ಪ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡರು. "ಅದೇನು ದೊಡ್ಡ ವಿಷಯ. ನೂಲು ಕಡಿಯದ ಹಾಗೆ ಮೂವತ್ತು ವರ್ಷ ಮಗ್ಗ ಓಡಿಸಿದ ಕೈ ಇದು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಫಿಟ್ಟರಿಗೆ ಬೇಡ ಅಂತ ಹೇಳಿ ಕಳಿಸು. ರೂಮು ನಿಂದು," ಅಂದರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಮ್ಮ ಕರ್ಪೂರದ ತಟ್ಟೆ ತಂದರು.

ಮಾರನೆಯ ದಿನ ಗುಂಡಿ ಬಿಚ್ಚಿ ಗಂಧವನ್ನೆಲ್ಲ ಕೆರೆದು ತೆಗೆದೆ. ಆಟ ಹಚ್ಚಿ, ಮೊದಲು ಬಂದ ಹಕ್ಕಿಯನ್ನು ಒಂದೇ ಏಟಿಗೆ ಉರುಳಿಸಿದೆ. ಆರು ತಿಂಗಳ ಕಷ್ಟ ಸಾರ್ಥಕವಾಯಿತು ಎಂದುಕೊಳ್ಳುವಾಗ ಬೆನ್ನ ಹಿಂದಿನಿಂದ ಅಪ್ಪ ನನ್ನ ಕೈ ಹಿಡಿದರು. ಅವರು ಮಗ್ಗ ನಿಲ್ಲಿಸಿ ಬಂದು ಅಲ್ಲೇ ನಿಂತಿದ್ದರು. ಕೋಪಕ್ಕಿಂತ ಕನಿಕರವೇ ಹೆಚ್ಚಿದ್ದ ಮುಖ.

"ಮಿಷಿನ್ ಮಾಡಕ್ಕೆ ಬಂದ್ರೆ ಆಯ್ತಾ? ಆಡಕ್ಕೂ ಬರಬೇಡ್ವಾ?" ಅಂದರು. "ಏಳು, ನಾನು ತೋರಿಸ್ತೀನಿ."