ಬೂದವ್ವನಿಗೆ ಬಯಲಕಡೆ ಕಲಿಸಿದ್ದು

ಕೂತಲ್ಲಿ ಕೂರಲಾಗದ ಹೆಂಗಸು ನಾನು. ಒಲೆಯ ಮೇಲೆ ಅನ್ನವಿಟ್ಟರೆ ಅದು ಬೇಯುವುದರೊಳಗೆ ನಾಲ್ಕಾರು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಅವರೆ ಬೀಜ ಊರಿದರೆ ಮರುದಿನವೇ ಮಣ್ಣು ಕೆದರಿ, ಮೊಳಕೆ ಕಾಣದ್ದಕ್ಕೆ ಬೇಸರಪಟ್ಟು, ಮತ್ತೆ ಮುಚ್ಚುತ್ತೇನೆ. ಒಮ್ಮೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯಲಾರದೆ ಮುಂದಿನ ನಿಲುಗಡೆಯವರೆಗೆ ನಡೆದುಹೋಗಿ, ಅಲ್ಲಿ ಬಸ್ಸು ನಿಲ್ಲಿಸದೆ ನನ್ನ ಮುಖಕ್ಕೇ ಧೂಳು ಹಾರಿಸಿ ಹೋದದ್ದೂ ಉಂಟು. "ನಿನ್ನ ಕಾಲಾಗ ಗಾಲಿ ಅದಾವ ನೋಡ" ಎನ್ನುತ್ತಾರೆ ನಮ್ಮ ಯಜಮಾನರು. ಅವರೋ, ಒಮ್ಮೆ ಕೂತರೆ ಕುರ್ಚಿಗೇ ಬೇಸರವಾಗಬೇಕು, ಅವರಿಗೆ ಆಗುವುದಿಲ್ಲ. ಇಂಥ ನಾನು ಒಂದು ಬೀದಿಬೆಕ್ಕಿಗೆ, ಒಂದೇ ಜಾಗದಲ್ಲಿ ಸಮಾಧಾನದಿಂದ ಕೂತು ಕೆಲಸ ಮುಗಿಸುವುದನ್ನು ಕಲಿಸಲು ಹೊರಟೆ.

ಆ ಬೆಕ್ಕನ್ನು ನಾನು ಮೊದಲು ಕಂಡದ್ದು ನಮ್ಮ ಹಿತ್ತಲಿನ ನುಗ್ಗೆಮರದ ಮೇಲೆ. ಓಣಿಯ ನಾಯಿಗಳು ಬೆನ್ನಟ್ಟಿ ಬಂದಿದ್ದವು. ಹಿಂಗಾಲಿಗೆ ಗಾಯವಾಗಿತ್ತು. ನಾನು ಪಾಠ ಮಾಡಲು ಶಾಲೆಗೆ ಹೊರಟಾಗ ಅಳುತ್ತಿದ್ದುದು ಸಂಜೆ ಮರಳಿದಾಗಲೂ ಅದೇ ಕೊಂಬೆಯ ಮೇಲೆ ಅಳುತ್ತಿತ್ತು. ಏಣಿ ಹಾಕಿ ಇಳಿಸಿಕೊಂಡೆ. ಅದು ನನ್ನ ಮೊಣಕೈ ಪರಚಿತು. ಪರಚಿದ್ದಕ್ಕೇ ನಾಚಿತೋ ಏನೋ, ಆಮೇಲೆ ತಲೆಯನ್ನು ನನ್ನ ಕಂಕುಳಲ್ಲಿ ಹುದುಗಿಸಿಕೊಂಡಿತು. ಅಲ್ಲಿಗೆ ನನ್ನ ಕತೆ ಮುಗಿಯಿತು. ಬಣ್ಣ ನೋಡಿ ಬೂದಿ ಎಂದು ಕರೆದೆ.

ಅತ್ತೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಬಾಳೂ ಮನ್ಯಾಗ ಬೂದಿ ಬೂದಿ ಅಂತ ಒದರತಾರೇನ? ಬೂದವ್ವ ಅನ್ನು."

ಹೀಗೆ ಹೆಸರಿಗೆ ಅವ್ವ ಸೇರಿತು, ಆದರೆ ಮನೆಗೆ ಬೆಕ್ಕು ಸೇರಲಿಲ್ಲ. ಹಿಂದೆ ಯಾವುದೋ ಬೆಕ್ಕು ಅವರ ಜೋಳದ ಹಿಟ್ಟಿನ ಡಬ್ಬಿಯನ್ನೇ ತನ್ನ ಶೌಚಾಲಯ ಮಾಡಿಕೊಂಡಿತ್ತಂತೆ. ಅಂದಿನಿಂದ ಬೆಕ್ಕಿನ ಕುಲದ ಮೇಲೆಯೇ ಅವರಿಗೆ ಅನುಮಾನ. "ಕಂಡಕಂಡಲ್ಲೆ ಬೈಲಕಡಿ ಮಾಡೂ ಬೆಕ್ಕು ನನ್ನ ಹೊಸ್ತಿಲಾ ದಾಟಂಗಿಲ್ಲ. ಮೊದಲ ಹಿತ್ತಲದಾಗ ಕಲಸು. ಕಲತ ಮ್ಯಾಲ ಒಳಗ ತಾ" ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಬಯಲಕಡೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲವಷ್ಟೆ. ಮನುಷ್ಯರೆಲ್ಲ ಬಯಲು ಬಿಟ್ಟು ಒಳಗೆ ಬಂದರೂ ಮಾತು ಮಾತ್ರ ಇನ್ನೂ ಬಯಲಲ್ಲೇ ಇದೆ.

ಹಿತ್ತಲಿನ ಕಟ್ಟಿಗೆ ಕೋಣೆಯೇ ಪಾಠಶಾಲೆಯಾಯಿತು. ಒಡಕು ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಪಕ್ಕದಲ್ಲಿ ಮನೆ ಕಟ್ಟುವವರಿಂದ ಕೇಳಿ ತಂದ ಉಸುಕು ತುಂಬಿದೆ. ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ಒಬ್ಬ ಹೆಣ್ಣುಮಗಳು ಬಿಳಿಯ ಕಂಬಳಿಯಂಥ ಬೆಕ್ಕನ್ನು ಒಮ್ಮೆ ಬುಟ್ಟಿಯಲ್ಲಿ ಕೂರಿಸಿ, ಮುಂಗಾಲು ಹಿಡಿದು ಒಂದಿಷ್ಟು ಕೆದರಿಸಿದಳು. ಅದು ಕೂಡಲೇ ಪದವಿ ಪಡೆದಂತೆ ಎದ್ದು ಹೋಯಿತು. ನಾನೂ ಹಾಗೆಯೇ ಮಾಡಿದೆ. ಬೂದವ್ವ ಉಸುಕನ್ನು ಮೂಸಿತು, ಸುತ್ತಲೂ ತಿರುಗಿತು, ಸುರುಳಿಯಾಗಿ ಅದರಲ್ಲೇ ಮಲಗಿ ನಿದ್ದೆ ಹೋಯಿತು. ಎದ್ದ ಮೇಲೆ ಮೈಮುರಿದು, ಗಂಭೀರವಾಗಿ ನಡೆದು, ಅತ್ತೆಯವರ ಮೆಂತ್ಯದ ಮಡಿಗೆ ಹೋಗಿ ಕೆಲಸ ಮುಗಿಸಿತು.

"ನಾವು ಮೆಂತೆಪಲ್ಲೆ ತಿನ್ನೂಣೋ ಬ್ಯಾಡೋ?" ಎಂದು ಅತ್ತೆಯವರು ಅಡುಗೆಮನೆಯಿಂದಲೇ ಕೇಳಿದರು.

ಮಡಿಗೆ ಮುಳ್ಳಿನ ಬೇಲಿ ಹಾಕಿದೆ. ಬೆಕ್ಕು ಕರಿಬೇವಿನ ಬುಡ ಹುಡುಕಿತು. ಅದಕ್ಕೆ ಕಲ್ಲು ಹೊಂದಿಸಿದೆ. ಅದು ತುಳಸಿಕಟ್ಟೆಯ ಕಡೆ ನೋಡಿತು. ಓಡಿಹೋಗಿ ಎತ್ತಿಕೊಂಡೆ. ಆಗ ಹೊಳೆಯಿತು: ಇದಕ್ಕೆ ಉಸುಕು ಒಗ್ಗದು, ನಮ್ಮ ಎರೆಮಣ್ಣೇ ಬೇಕು. ಮಡಿಯ ಮಣ್ಣನ್ನೇ ಬುಟ್ಟಿಗೆ ತುಂಬಿ, ಬೆಕ್ಕನ್ನು ಕೋಣೆಯೊಳಗೆ ಕೂಡಿ ಬಾಗಿಲು ಮುಂದೆ ಮಾಡಿದೆ.

ಕಷ್ಟ ಶುರುವಾದದ್ದೇ ಆಗ. ನನಗೆ ನೋಡದೆ ಇರಲಾಗದು. ಬಾಗಿಲಿನ ಸಂದಿಯಲ್ಲಿ ಇಣುಕುತ್ತಿದ್ದೆ. ಬೆಕ್ಕು ಬುಟ್ಟಿ ಹತ್ತಿ, ಮಣ್ಣು ಕೆದರಿ, ಇನ್ನೇನು ಕೂರಬೇಕೆನ್ನುವಾಗ ನನ್ನ ಬಳೆ ಸದ್ದಾಗುತ್ತಿತ್ತು. ಅದು ತಲೆಯೆತ್ತಿ, ಸಂದಿಯಲ್ಲಿದ್ದ ನನ್ನ ಕಣ್ಣನ್ನೇ ನೋಡಿ, ಮರ್ಯಾದಸ್ಥ ಹೆಣ್ಣುಮಗಳಂತೆ ಕೆಳಗಿಳಿಯುತ್ತಿತ್ತು. ಮತ್ತೆ ಬಂದು ನೋಡುತ್ತಿದ್ದೆ. ಮತ್ತೆ ಅದೇ. ಬಳೆಯನ್ನು ಮೊಣಕೈಗೆ ಏರಿಸಿ ಬಂದರೆ ಕೆಮ್ಮು ಬರುತ್ತಿತ್ತು.

"ಯಾರರ ಬಾಗಲ ಸಂದ್ಯಾಗ ಇಣಕಿ ನೋಡಾಕ ಹತ್ತಿದ್ರ ನಿನಗ ಆಗತೈತೇನ?" ಎಂದರು ಯಜಮಾನರು, ಪತ್ರಿಕೆಯಿಂದ ತಲೆ ಎತ್ತದೆ.

ಮಾತು ನಿಜವೇ. ಆದರೆ ನಿಜವಾದ ಮಾತಿನಿಂದ ಯಾರ ಚಡಪಡಿಕೆ ನಿಂತಿದೆ? ಶಾಲೆಯಲ್ಲಿಯೂ ನನ್ನ ಮನಸ್ಸು ಕಟ್ಟಿಗೆ ಕೋಣೆಯಲ್ಲೇ. ಕರ್ಮಣಿ ಪ್ರಯೋಗ ಕಲಿಸುತ್ತ ಹಲಗೆಯ ಮೇಲೆ "ಬೆಕ್ಕಿನಿಂದ ಮಾಡಲ್ಪಟ್ಟಿತು" ಎಂದು ಬರೆದುಬಿಟ್ಟೆ. "ಏನ ಮಾಡಲ್ಪಟ್ಟಿತ್ರಿ ಟೀಚರ್?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅದೇ ಗೊತ್ತಿದ್ದರೆ ನಾನು ನೆಮ್ಮದಿಯಾಗಿ ಪಾಠ ಮಾಡುತ್ತಿರಲಿಲ್ಲವೇ!

ಅಷ್ಟರಲ್ಲಿ ಸುರೇಬಾನದಲ್ಲಿ ನನ್ನ ಚಿಗವ್ವನ ಮಗಳ ಮದುವೆ ಬಂತು. ಅತ್ತೆಯವರಿಗೆ ಮೊಣಕಾಲು ನೋವು, ಯಜಮಾನರಿಗೆ ರಜೆ ಇಲ್ಲ, ನಾನೊಬ್ಬಳೇ ಹೊರಟೆ. ಹೊರಡುವ ಮುಂಜಾನೆ ಬೆಕ್ಕು ಕಿಟಕಿಯಿಂದ ಹಾರಿ, ಮುಳ್ಳಿನ ಬೇಲಿ ದಾಟಿ, ಮೆಂತ್ಯದ ಮಡಿಗೆ ಮತ್ತೊಮ್ಮೆ ಪಾವನ ಸ್ಪರ್ಶ ಕೊಟ್ಟಿತು. ಅತ್ತೆಯವರು ಈ ಸಲ ಕೂಗಲಿಲ್ಲ, ಅದೇ ಹೆದರಿಕೆ.

"ನೀ ತಿರುಗಿ ಬರೂತನಕ ನೋಡತೇನಿ. ಕಲೀಲಿಲ್ಲಂದ್ರ ಚೀಲದಾಗ ಹಾಕಿ ಸಂಗೊಳ್ಳಿಗೆ ಒಯ್ದು ಹೊಳಿ ದಂಡ್ಯಾಗ ಬಿಡತೇನಿ" ಎಂದರು.

ಸಂಗೊಳ್ಳಿ ಅವರ ತವರು. ಅಲ್ಲಿನ ಹೊಳೆದಂಡೆಯ ನಾಯಿಗಳನ್ನು ನಾನು ಕಂಡಿದ್ದೇನೆ. ಕುಂಟುವ ಬೆಕ್ಕು ಅಲ್ಲಿ ಒಂದು ಸಂಜೆಯೂ ಉಳಿಯದು. ಕಿಟಕಿಗೆ ಜಾಳಿಗೆ ಬಿಗಿದು, ಯಜಮಾನರ ಕೈ ಹಿಡಿದು ಬೇಡಿಕೊಂಡು ಬಸ್ಸು ಹತ್ತಿದೆ.

ಮದುವೆಮನೆಯಲ್ಲಿ ನಾನು ಇದ್ದೆ ಎನ್ನುವುದು ಫೋಟೋಗಳಿಂದ ಮಾತ್ರ ಗೊತ್ತಾಗುತ್ತದೆ. ಮದುಮಕ್ಕಳ ಸುತ್ತ ಸುರಗಿಯ ನೂಲು ಸುತ್ತುವಾಗ, ಅಕ್ಕಿಕಾಳು ಹಾಕುವಾಗ, ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ನನ್ನ ಕಿವಿಯಲ್ಲಿ ಫೋನು. ಬಾಜಾದ ಗದ್ದಲದಲ್ಲಿ ಕೂಗಿಯೇ ಕೇಳಬೇಕಿತ್ತು. "ಇವತ್ತರ ಆತೇನ್ರಿ? ... ನಿನ್ನಿಂದ ಇಲ್ಲೇನ? ... ಬಾಗಲಾ ತಗದ ನೋಡ್ರಿ ಒಮ್ಮೆ! ... ಹೊಟ್ಟಿ ಉಬ್ಬೇತೇನ ಮುಟ್ಟಿ ನೋಡ್ರಿ!"

ಯಜಮಾನರು ಒಂದೇ ಮಾತು ಹಿಡಿದಿದ್ದರು. "ಹಾಲ ಇಟ್ಟ ಬರತೇನಿ. ಬುಟ್ಟಿ ಕಡೆ ನೋಡಂಗಿಲ್ಲ. ನೀ ಬಂದ ನೋಡು."

ಮರಳುವಾಗ ಚಿಗವ್ವ ನನ್ನನ್ನು ಮೂಲೆಗೆ ಕರೆದು, ಬುತ್ತಿಯ ಜೊತೆ ಒಂದು ಶೀಶೆಯನ್ನು ಕೈಗಿಟ್ಟಳು. ಔಡಲೆಣ್ಣೆ, ಹೊಟ್ಟೆ ಕಟ್ಟಿದವರಿಗೆ ಕುಡಿಸುವ ಹರಳೆಣ್ಣೆ. "ನಾಚಕೋಬ್ಯಾಡ ತಂಗಿ. ವಯಸ್ಸಾದವರಿಗೆ ಆಗೂದ. ಬಿಸಿಹಾಲಾಗ ಕೊಡು. ನಾನೂ ನಿಮ್ಮತ್ತಿಗೆ ಫೋನ್ ಮಾಡಿ ಕೇಳತೇನಿ."

ಅದು ಅತ್ತೆಯ ಹೊಟ್ಟೆಯಲ್ಲ ಎಂದು ಹೇಳುವುದರೊಳಗೆ ಬಸ್ಸು ಹಾರನ್ ಹೊಡೆಯಿತು. ಬಸ್ಸು ಎಂದರೆ ನಾನು ನಿಲ್ಲುವವಳಲ್ಲವಲ್ಲ, ಹತ್ತಿಬಿಟ್ಟೆ. ರಾಮದುರ್ಗದಲ್ಲಿ ಬಸ್ಸು ಬದಲಿಸಿ, ಸವದತ್ತಿ ದಾಟುವವರೆಗೂ ಆ ಶೀಶೆಯನ್ನು ನೋಡುತ್ತ ಬೆವರಿದೆ. ಮದುವೆಗೆ ಬಂದ ಬೀಗರು ಬಿಜ್ಜರೆಲ್ಲ ನನ್ನ ಕೂಗು ಕೇಳಿದ್ದಾರೆ. ಅವರಿಗೆಲ್ಲ ಈಗ ನಮ್ಮ ಅತ್ತೆಯವರ ಹೊಟ್ಟೆಯ ಚಿಂತೆ.

ಮನೆ ಮುಟ್ಟಿದಾಗ ಅತ್ತೆಯವರು ಪಡಸಾಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. "ಮುಂಜಾನಿಂದ ನಾಕ ಮಂದಿ ಫೋನ್ ಮಾಡ್ಯಾರ. ನನ್ನ ಹೊಟ್ಟಿ ಸುದ್ದಿ ಸುರೇಬಾನಕ ಯಾಕ ಮುಟ್ಟತು?"

ಬುತ್ತಿಯನ್ನು ಅಲ್ಲೇ ಇಟ್ಟೆ. ನೇರ ಹಿತ್ತಲಿಗೆ ಓಡಿದೆ. ನನ್ನ ಹಿಂದೆ ಯಜಮಾನರು, ಅವರ ಹಿಂದೆ ಗೋಡೆ ಹಿಡಿದುಕೊಂಡು ಅತ್ತೆಯವರು. ಬಾಗಿಲು ತೆಗೆದೆ. ಬೂದವ್ವ ಸೌದೆಯ ಮೇಲಿಂದ ಇಳಿದು ನನ್ನ ಕಾಲಿಗೆ ಮೈ ತೀಡಿತು. ಬುಟ್ಟಿಯಲ್ಲಿ ಎರೆಮಣ್ಣು ಪುಟ್ಟ ಗೋಪುರದ ಹಾಗೆ ರಾಶಿಯಾಗಿತ್ತು. ಕಡ್ಡಿಯಿಂದ ಕೆದರಿದೆ. ಒಂದಲ್ಲ, ಎರಡಲ್ಲ! ನೆಲದ ಮೇಲೆ, ಮೂಲೆಯಲ್ಲಿ, ಸೌದೆಯ ಸಂದಿಯಲ್ಲಿ ಹುಡುಕಿದೆ. ಎಲ್ಲಿಯೂ ಏನೂ ಇಲ್ಲ. ಎಲ್ಲವೂ ಬುಟ್ಟಿಯಲ್ಲೇ.

"ಆತರಿ ಅತ್ತಿ! ಆಗೇತರಿ! ಎಷ್ಟ ಛಲೋ ಆಗೇತ ನೋಡ ಬರ್ರಿ!" ಎಂದು ಕುಣಿದಾಡಿದೆ.

ಅತ್ತೆಯವರ ಕೈಯಲ್ಲಿ ಫೋನು ಇದ್ದದ್ದನ್ನು ನಾನು ಆಮೇಲೆ ನೋಡಿದೆ. ಅತ್ತ ಕಡೆಯಿಂದ ಚಿಗವ್ವನ ದನಿ ಹಿತ್ತಲಿಗೆಲ್ಲ ಕೇಳಿಸಿತು: "ಆತಂತೇನ್ರಿ ಯಕ್ಕಾ? ಎಣ್ಣಿ ಕುಡಿಯೂಕಿಂತ ಮೊದಲ?"

ಯಜಮಾನರು ಮುಖ ತಿರುಗಿಸಿಕೊಂಡು ನುಗ್ಗೆಮರ ನೋಡತೊಡಗಿದರು. ಅತ್ತೆಯವರು ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಬೆಕ್ಕನ್ನು ನೋಡಿದರು. ಚೀಲ ತರುತ್ತಾರೆ ಎಂದುಕೊಂಡು ನಾನು ಬೆಕ್ಕನ್ನು ಎದೆಗವಚಿಕೊಂಡೆ. ಅವರ ತುಟಿ ಅದುರಿತು. ಫೋನನ್ನು ಬಾಯಿಯ ಹತ್ತಿರ ತಂದು, "ಹೂನವ್ವಾ, ಆತು. ಎಲ್ಲಾ ಹಗುರಾತು. ಇನ್ನ ಯಾರಿಗೂ ಕೇಳಬ್ಯಾಡ ಅಂತ ಹೇಳ" ಎಂದು ಹೇಳಿ ಇಟ್ಟರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು ನೋಡಿ, ಮೊಣಕಾಲು ನೋವು ಮರೆತು ಅಲ್ಲೇ ಕುಕ್ಕರಿಸುವಷ್ಟು. ನಕ್ಕು ಮುಗಿದ ಮೇಲೆ, "ತಾ ಒಳಗ. ಬುಟ್ಟೀನೂ ತಾ" ಎಂದರು.

ಈಗ ಬೂದವ್ವ ಮನೆಯವಳೇ. ಬಚ್ಚಲಿನ ಪಕ್ಕದ ಮೂಲೆ ಅವಳದು. ಒಂದು ದಿನವೂ ತಪ್ಪಿಲ್ಲ. ಮೊನ್ನೆ ಮಳೆಯಲ್ಲಿ ಶಾಲೆಯಿಂದ ಓಡಿ ಬಂದೆ. ಬೆಕ್ಕು ಏನು ಮಾಡುತ್ತಿದೆಯೋ ಎಂಬ ಅವಸರ. ಎರೆಮಣ್ಣು ಮೆತ್ತಿದ ಕಾಲಲ್ಲಿ ಪಡಸಾಲೆ ದಾಟಿ ಅಡುಗೆಮನೆಯವರೆಗೂ ಹೋದೆ. ಬೂದವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅತ್ತೆಯವರು ನೆಲದ ಮೇಲಿನ ನನ್ನ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದರು.

"ಇದಕ್ಕ ಕಲಸೂದ್ರಾಗ ನಿನಗ ಕಲಸೂದ ಬಿಟ್ಟ ಹೋತ ನೋಡ. ನಡಿ ಹೊರಗ, ಕಾಲ ತೊಳಕೊಂಡ ಬಾ."

ಹಿತ್ತಲಿಗೆ ಹೋಗಿ ಮಳೆಯಲ್ಲಿ ನಿಂತೆ. ಒಳಗೆ ಬೆಚ್ಚಗೆ ಕೂತ ಬೆಕ್ಕು ಕಣ್ಣು ಅರೆ ತೆರೆದು ನನ್ನತ್ತ ಒಮ್ಮೆ ನೋಡಿ, ಮತ್ತೆ ಮುಚ್ಚಿಕೊಂಡಿತು.