ಇಲಿಗಳ ಪಾಲಿನ ಕಷಾಯ

ಹೋದ ತಿಂಗಳು ತನ್ನ ಕಷಾಯದಿಂದ ಇಲಿಗಳ ರಕ್ತದ ಸಕ್ಕರೆ ಇಳಿದದ್ದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇ ಸಂಶೋಧಕ ಮಾಡಿದ ತಪ್ಪು.

ಇವತ್ತು ಬೆಳಿಗ್ಗೆ ಇಲಿಗಳ ಬಾಲದ ತುದಿಯಿಂದ ಒಂದೊಂದು ಹನಿ ರಕ್ತ ತೆಗೆದು ನೋಡಿದ. ಕಾಡುಬಳ್ಳಿಯ ಕಷಾಯ ಕುಡಿದ ಇಲಿಗೂ ಬರೀ ನೀರು ಕುಡಿದ ಇಲಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಳಿದಿದ್ದ ಸಕ್ಕರೆ ಮತ್ತೆ ಅಟ್ಟ ಹತ್ತಿ ಕೂತಿತ್ತು. ಸಂಜೆ ಮುಖ್ಯಸ್ಥರಿಗೆ ಫಲಿತಾಂಶ ತೋರಿಸಬೇಕು. ಇದನ್ನು ತೋರಿಸಿದರೆ ಪದವಿ ಇಲ್ಲ. ಪದವಿ ಇಲ್ಲದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಸೋದರಮಾವ ಹೇಳಿಯಾಗಿತ್ತು.

ಅನುಮಾನ ಬಂದು ಫ್ರಿಜ್ಜಿನಲ್ಲಿಟ್ಟಿದ್ದ ಕಷಾಯದ ಬಾಟಲಿಯಿಂದ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡ. ಕಹಿಯೇ ಇಲ್ಲ. ಬಣ್ಣವೋ, ಮಡಕೆ ತೊಳೆದ ನೀರು.

"ಅಯ್ಯೋ ಪಾಪ, ನೀನೂ ಕುಡೀತೀಯಾ? ಈ ವಯಸ್ಸಿಗೇ ಶುಗರ್ರಾ?" ಬಾಗಿಲಲ್ಲಿ ನಿಂತಿದ್ದ ಆಫೀಸಿನ ಅಕ್ಕ ಮರುಗಿದರು.

"ನೀನೂ ಅಂದ್ರೆ? ಇನ್ಯಾರು ಕುಡೀತಾರಕ್ಕ?"

ಅಕ್ಕ ಬಳೆ ತಿರುಗಿಸಿಕೊಂಡರು. "ದಿನಾ ಒಂದೇ ಒಂದು ಮುಚ್ಚಳ ಕಣೋ. ಇಲಿಗೆ ಇಳಿದದ್ದು ನನಗೆ ಇಳಿಯಲ್ವಾ ಅಂತ. ಕಮ್ಮಿ ಆದದ್ದು ಕಂಡು ನೀನು ಗಾಬರಿ ಆಗ್ಬಾರ್ದಲ್ಲ, ಅಷ್ಟೇ ನೀರು ಹಾಕಿಟ್ಟಿದೀನಿ."

ಕಾವಲಿನ ತಾತನನ್ನು ಕೇಳಿದ. "ಅಕ್ಕ ಕುಡಿದ ಮೇಲೆ ನಾನು. ನಾನೂ ನೀರು ತುಂಬಿಸಿಡ್ತೀನಪ್ಪ, ಅನ್ಯಾಯ ಮಾಡೋನಲ್ಲ."

ಪಕ್ಕದ ಪ್ರಯೋಗಾಲಯದ ಮೇಡಂ ಕುಡಿದಿರಲಿಲ್ಲ, ಅತ್ತೆಗೆ ಒಯ್ದಿದ್ದರು. ಅವರು ತುಂಬಿಸಿದ್ದು ಕುದಿಸಿ ಆರಿಸಿದ ನೀರು. ಊರಿಗೆ ಹಾಲು ಹಾಕುವವನೂ ಇಷ್ಟು ಕೈ ಧಾರಾಳ ಮಾಡಿರಲಾರ.

ಆದರೆ ಮೂವರದೂ ಒಂದೇ ಮಾತು: "ಶುಗರ್ ಇಳೀತು ನೋಡು, ನಿನ್ನ ಹೊಟ್ಟೆ ತಣ್ಣಗಿರಲಿ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಮುಖ್ಯಸ್ಥರ ಕೋಣೆಗೆ ಓಡಿದ. ಅವರು ಚಹಾ ಕಲಕುತ್ತ ಎಲ್ಲ ಕೇಳಿದರು.

"ಬೇಲಿಯೇ ಎದ್ದು ಹೊಲ ಮೇಯ್ತು ಸಾರ್. ಆದ್ರೆ ಔಷಧ ಕೆಲಸ ಮಾಡಿದೆ. ಇಲಿಗಲ್ಲದಿದ್ರೂ ಮನುಷ್ಯರಿಗೆ."

"ನಮಗೆ ಅನುಮತಿ ಇರೋದು ಇಲಿಗೆ. ಮನುಷ್ಯರ ಸುದ್ದಿ ಹೊರಗೆ ಹೋದ್ರೆ ನಿನ್ನನ್ನೇ ಬೋನಿಗೆ ಹಾಕ್ತಾರೆ. ಮೊದಲಿಂದ ಶುರು ಮಾಡು. ಹೊಸ ಇಲಿ, ಹೊಸ ಕಷಾಯ."

"ನಮ್ಮ ಮಾವ ಅಲ್ಲೀವರೆಗೂ ಕಾಯಲ್ಲ ಸಾರ್."

"ನಾನು ಹೇಳಿ ನೋಡ್ತೀನಿ ಬಿಡು. ಈ ಸಲ ಫ್ರಿಜ್ಜಿಗೆ ಬೀಗ ಹಾಕೋಣ. ಬೀಗದ ಕೈ ನನ್ನ ಹತ್ರಾನೇ ಇರಲಿ."

ಅಷ್ಟಾದರೂ ಆಯಿತಲ್ಲ ಎಂದು ಅವನು ಹೊರಟ. ಬಾಗಿಲು ದಾಟುವಾಗ ಮುಖ್ಯಸ್ಥರು ಮತ್ತೆ ಕರೆದರು. ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು.

"ಈ ಸಲ ಒಂಚೂರು ಗಟ್ಟಿಯಾಗಿ ಕುದಿಸಪ್ಪ," ಎಂದರು. "ಈಚೆಗೆ ಕಹಿಯೇ ಇರ್ಲಿಲ್ಲ."