ಅಂತರಸಂತೆಯಲ್ಲಿ ವಿಷಯ ಮಂಡನೆ

೧೯೩೬ನೇ ಇಸವಿ ಸೆಪ್ಟೆಂಬರ್ ಹನ್ನೆರಡು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅಂತರಸಂತೆಯ ಸಂತೆಮಾಳದ ಅಂಚಿನಲ್ಲಿ ನಿಂತು ಇಂಟರ್‌ಮೀಡಿಯೆಟ್ ವಿದ್ಯಾರ್ಥಿ ಖದೀರನು ತಮಟೆಯ ಚಿಕ್ಕಮಾದುವಿಗೆ ಸಾರಬೇಕಾದ ಮಾತನ್ನು ಹೇಳಿಕೊಟ್ಟ. ಆ ದಿನದ ಅನಾಹುತಕ್ಕೆ ಅಷ್ಟೇ ಸಾಕಾಯಿತು.

“ಸರಿಯಾಗಿ ಕೇಳು. ‘ಸಾಯಂಕಾಲ ನಾಲ್ಕೂವರೆಗೆ ಚಾವಡಿ ಮುಂದೆ ಕಾಲೇಜಿನವರಿಂದ ಚಳಿಜ್ವರದ ವಿಷಯ ಮಂಡನೆ. ಆಮೇಲೆ ಗುಂಪು ಚರ್ಚೆ.’ ಎಲ್ಲಿ, ಹೇಳು ನೋಡೋಣ.”

“ಚಳಿಜರಕ್ಕೆ ಮುಂಡ್ನೆ.”

“ಮಂಡನೆ.”

“ಅದೇಯ, ಮುಂಡ್ನೆ. ಒಬ್ಬೊಬ್ರಿಗಾ, ಗುಂಪಾಗಾ?”

“ಗುಂಪಾಗಿ.”

“ಎಂಗುಸ್ರಿಗೂವೆ?”

“ಹೆಂಗಸರು, ಮುದುಕರು, ಮಕ್ಕಳು, ಎಲ್ಲರಿಗೂ. ಒಬ್ಬರನ್ನೂ ಬಿಡಬಾರದು ಅಂತ ನಮ್ಮ ಪ್ರೊಫೆಸರ ಆಜ್ಞೆ.”

ಚಿಕ್ಕಮಾದು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. “ಕಾಸೆಷ್ಟು ಸಾಯೇಬ್ರೆ?”

“ಕಾಸಿಲ್ಲ, ಪುಕ್ಕಟೆ.”

“ಅಂಗಾರೆ ಸರ್ಕಾರದ್ದೇಯ ಬುಡಿ,” ಎಂದು ನಿಟ್ಟುಸಿರುಬಿಟ್ಟು ಅವನು ತಮಟೆಯನ್ನು ಬೆಂಕಿಗೆ ಹಿಡಿದ.

‘ಮಂಡನೆ’ ಎಂಬ ಪದ ಖದೀರನ ಸ್ವಂತದ್ದಲ್ಲ. ಮೈಸೂರಿನ ಅವನ ಕಾಲೇಜಿನ ಪ್ರೊಫೆಸರ್ ತಿಮ್ಮಯ್ಯನವರು ವಿಲಾಯಿತಿಗೆ ಹೋಗಿಬಂದವರು. ಅಲ್ಲಿ ವಿದ್ಯಾರ್ಥಿಗಳೇ ಎದ್ದುನಿಂತು ಪಾಠ ಹೇಳುತ್ತಾರೆ, ಅಧ್ಯಾಪಕರು ಪೈಪು ಸೇದುತ್ತ ಕೂತಿರುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಇಷ್ಟು ಆಳವಾದ ಶಿಕ್ಷಣತತ್ವ ಮೈಸೂರಿಗೆ ಬಾರದೆ ಹೋದರೆ ಹೇಗೆ? ಮರಳಿದ ವಾರದಲ್ಲೇ ಪಾಠ ಹೇಳುವುದನ್ನು ನಿಲ್ಲಿಸಿದರು. ಒಬ್ಬ ವಿದ್ಯಾರ್ಥಿ ಬರೆದು ತಂದು ಓದುವುದಕ್ಕೆ ‘ವಿಷಯ ಮಂಡನೆ’ ಎಂದೂ, ಆಮೇಲೆ ಐದು ಜನ ಸುತ್ತ ಕೂತು ಮಾತಾಡುವುದಕ್ಕೆ ‘ಗುಂಪು ಚರ್ಚೆ’ ಎಂದೂ ಹೆಸರಿಟ್ಟರು.

ಖದೀರನು ಎರಡು ವರ್ಷ ಈ ಪದ್ಧತಿಯನ್ನು ಒಳಗಿನಿಂದ ಗಮನಿಸಿ ಕೆಲವು ನಿರ್ಣಯಗಳಿಗೆ ಬಂದಿದ್ದ. ಮಂಡನೆ ಎಂದರೆ ಓದುವವನಿಗೆ ಅರ್ಥವಾಗದ್ದನ್ನು ಕೇಳದವರಿಗೆ ಓದುವುದು. ಕೊನೆಗೆ “ಪ್ರಶ್ನೆಗಳಿವೆಯೇ?” ಎಂದು ಪ್ರೊಫೆಸರು ಕೇಳಿದಾಗ ಆಗುವ ನಿಶ್ಶಬ್ದವನ್ನು ತರಗತಿಯ ಭಾಷೆಯಲ್ಲಿ ಪೂರ್ಣ ತೃಪ್ತಿ ಎನ್ನುತ್ತಾರೆ. ಗುಂಪು ಚರ್ಚೆಯಲ್ಲಿ ಒಬ್ಬ ಕೆಲಸ ಮಾಡುತ್ತಾನೆ, ಇನ್ನೊಬ್ಬ ಮಾತಾಡುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ, ಅಂಕಗಳು ಮಾತಾಡಿದವನಿಗೆ ಹೋಗುತ್ತವೆ. ಇವರ ಗುಂಪಿನಲ್ಲಿ ಮಾತಾಡುವವನು ಮಿರ್ಲೆಯ ಚಿಕ್ಕಬಸಪ್ಪ. “ಹಿಂದಿನ ವಕ್ತಾರರ ಮಾತನ್ನು ಅನುಮೋದಿಸುತ್ತೇನೆ”, “ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ”: ಈ ಎರಡು ವಾಕ್ಯಗಳ ಬಲದಿಂದ ಅವನು ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಮೊದಲಿಗನಾಗಿದ್ದ.

ಕೆಲಸ ಮಾಡುವವನು ಖದೀರ್. ಅವನಿಗೆ ಬರೆಯಲು ಬರುತ್ತಿತ್ತು, ಚಿತ್ರ ಬಿಡಿಸಲು ಬರುತ್ತಿತ್ತು. ನಿಂತು ಬಾಯಿಬಿಟ್ಟರೆ ಮಾತ್ರ ಗಂಟಲು ಎಣ್ಣೆ ಕಾಣದ ಗಾಡಿಯ ಅಚ್ಚಿನಂತೆ ಕಿರ್ರೆಂದು ನಿಂತುಬಿಡುತ್ತಿತ್ತು. ಮೊದಲನೆಯ ಮಂಡನೆಯಲ್ಲಿ ಅವನು “ಮಹಾಶಯರೇ” ಎಂಬಲ್ಲಿಯವರೆಗೆ ಹೋಗಿದ್ದ. ಎರಡನೆಯದರಲ್ಲಿ ಅಲ್ಲಿಯವರೆಗೂ ಹೋಗಲಿಲ್ಲ. ಮಂಡನೆಯಾಗದವನ ಪರೀಕ್ಷೆಯ ಅರ್ಜಿಗೆ ತಿಮ್ಮಯ್ಯನವರು ಸಹಿ ಹಾಕುವುದಿಲ್ಲ. ಇನ್ನು ಉಳಿದದ್ದು ಈ ಒಂದೇ ಅವಕಾಶ. ಹುಣಸೂರಿನಲ್ಲಿ ಗಾಡಿಚಕ್ರ ಮಾಡುವ ಅವನ ತಂದೆ ಗಯಾಸುದ್ದೀನ್ ಸಾಹೇಬರು ಹಿಂದಿನ ರಾತ್ರಿ ಊಟದ ಮುಂದೆ ಸ್ಪಷ್ಟವಾಗಿ ಹೇಳಿದ್ದರು: “ದೇಖೋ ಬೇಟಾ, ಪರೀಕ್ಷೆಗೆ ಕೂತರೆ ಕಾಲೇಜು. ಕೂರದಿದ್ದರೆ ಸೋಮವಾರದಿಂದ ಬಾಚಿ ಹಿಡಿ. ಚಕ್ರ ಮಾಡೋದಕ್ಕೆ ಭಾಷಣ ಬೇಕಿಲ್ಲ.”

ಈ ಸಲದ ಮಂಡನೆ ಹಳ್ಳಿಯಲ್ಲೇ ಆಗಬೇಕೆಂಬುದೂ, ಇಂಗ್ಲಿಷಿನ ಸೋಂಕಿಲ್ಲದ ಕನ್ನಡದಲ್ಲಿ ಆಗಬೇಕೆಂಬುದೂ ತಿಮ್ಮಯ್ಯನವರ ಹೊಸ ಹುರುಪು. ಕಾಕನಕೋಟೆಯ ಕಾಡಿನ ಅಂಚು, ಚಳಿಜ್ವರದ ಸೀಮೆ ಎಂದು ಕೇಳಿದ ಕೂಡಲೇ ಗುಂಪಿನ ಮೂವರಿಗೆ ಮೈಸೂರಿನಲ್ಲೇ ಚಳಿಜ್ವರ ಬಂತು. ಉಳಿದವರು ಖದೀರ್ ಮತ್ತು ಚಿಕ್ಕಬಸಪ್ಪ. ಪ್ರೊಫೆಸರು ಮಧ್ಯಾಹ್ನದ ಮೋಟಾರಿನಲ್ಲಿ ಬರುವುದಾಗಿ ಹೇಳಿದ್ದರು.

ಗೆಳೆಯರಿಬ್ಬರೂ ಹೋಟೆಲಿನಲ್ಲಿ ಕೂತಿದ್ದಾಗ ದೂರದಲ್ಲಿ ತಮಟೆ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೇಳಿದ್ದರೆ ಖದೀರ್ ಅಲ್ಲಿಂದಲೇ ಹುಣಸೂರಿಗೆ ಓಡುತ್ತಿದ್ದ. “ಕೇಳ್ರಪ್ಪೋ ಕೇಳ್ರಿ! ಚಳಿಜರಕ್ಕೆ ಸರ್ಕಾರದ ಮುಂಡ್ನೆ! ಎಣ್ಣು ಗಂಡು ಮಕ್ಳು ಮರಿ ಎಲ್ರಿಗೂವೆ! ಪುಗಸಟ್ಟೆ! ಒಬ್ರುನ್ನೂ ಬುಡಕಿಲ್ಲ!”

ನಾಲ್ಕೂವರೆಗೆ ಚಾವಡಿಯ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ನೀರಿನ ಬಟ್ಟಲು ಇಟ್ಟುಕೊಂಡು, ತೊಗಲಿನ ಪಟ್ಟಿಗೆ ಏನನ್ನೋ ತಿಕ್ಕುತ್ತ, ಖದೀರನನ್ನೇ ನೋಡುತ್ತಿದ್ದ. ಹಳ್ಳಿಯ ಮುದುಕನಿಗೂ ವಿಜ್ಞಾನದಲ್ಲಿ ಇಷ್ಟು ಆಸಕ್ತಿಯೇ ಎಂದು ಖದೀರನಿಗೆ ಕಣ್ಣು ತುಂಬಿಬಂತು. ಅವನು ಕ್ಷೌರದ ಕುಳ್ಳಯ್ಯ.

ಐದೂವರೆಯಾದರೂ ಪ್ರೊಫೆಸರ ಮೋಟಾರು ಬಂದಿರಲಿಲ್ಲ. ಜನ ಗುಜುಗುಜು ಶುರುಮಾಡಿದ್ದರಿಂದ ಖದೀರ್ ಟೋಪಿ ಸರಿಮಾಡಿಕೊಂಡು ಎದ್ದ. ತಾನೇ ಬರೆದು ತಂದ ಪ್ರಬಂಧದ ಮೊದಲ ಪುಟ ತೆರೆದ.

“ಮ... ಮ... ಮಂಡನೆ...” ಎಂದ. ಅಲ್ಲಿಗೆ ಗಂಟಲು ನಿಂತಿತು.

ಹೆಂಗಸರ ಗುಂಪಿನಿಂದ ಪುಟ್ಟಮಾದಮ್ಮ ಸೆರಗು ಬಿಗಿದು ಎದ್ದಳು. “ಏನ್ಲಾ ತಮ್ಮ, ನನ್ ಗಂಡ ಗುಂಡುಕಲ್ಲಿದ್ದಂಗವ್ನೆ. ಅಗೋ, ಉಣಸೆಮರದ ತಾವ ಬೀಡಿ ಸೇದ್ತಾ ನಿಂತವ್ನೆ. ಅವ್ನು ಬದುಕಿರ್ವಾಗ ನನ್ ತಲೆ ಬೋಳಸಕ್ಕೆ ಬಂದಿದ್ದೀಯಲ್ಲ, ನಿಂಗೇನ್ ಬಂದದೆ ಕೇಡು?”

“ಇವ್ನಿ ಕಣಮ್ಮಿ,” ಎಂದು ಹುಣಸೆಮರದ ಕೆಳಗಿನಿಂದ ಒಂದು ಬೀಡಿ ಮೇಲೆದ್ದಿತು.

ಖದೀರನಿಗೆ ಆಗ ಕುಳ್ಳಯ್ಯನ ಕೈಯಲ್ಲಿದ್ದ ವಸ್ತು ಏನೆಂದು ಕಂಡಿತು. ‘ಮುಂಡನೆಯಲ್ಲ, ಮಂಡನೆ’ ಎಂದು ಕೂಗಲು ಬಾಯಿ ತೆರೆದ. ಗಾಳಿ ಮಾತ್ರ ಬಂತು.

ಪಟೇಲ ನಿಂಗಯ್ಯ ಕೈಯೆತ್ತಿ ಗದ್ದಲ ನಿಲ್ಲಿಸಿದ. ಪಟೇಲನು ಕಾನೂನು ಬಲ್ಲವನು. “ನೋಡಿ ಸಾಯೇಬ್ರೆ, ನಾವು ಸರ್ಕಾರಕ್ಕೆ ಎದುರಾಡೋ ಜನ ಅಲ್ಲ. ಆದ್ರೆ ಎಲ್ಲಾದ್ಕೂ ಒಂದ್ ಕ್ರಮ ಅದೆ. ಆವತ್ತು ಸಿಡುಬಿಗೆ ದೇವಿ ಆಕಕ್ಕೆ ಬಂದಾಗ್ಲೂವೆ ಅಮಲ್ದಾರ್ರು ಮೊದ್ಲು ಅವ್ರ ತೋಳು ಕೊಟ್ರು, ಆಮ್ಯಾಕೆ ನಾವು ಕೊಟ್ವು. ಈಗ್ಲೂ ಅಂಗೇಯ. ಮೊದ್ಲು ನೀವು ಮಾಡಿಸ್ಕಂಡು ತೋರ್ಸಿ.”

“ಅಂಗನ್ನಿ ಪಟೇಲ್ರೆ!” ಎಂದಿತು ಜನ.

ಖದೀರ್ ಮುಳುಗುವವನಂತೆ ಚಿಕ್ಕಬಸಪ್ಪನ ಕಡೆ ನೋಡಿದ. ಚಿಕ್ಕಬಸಪ್ಪ ಎದ್ದು, ಅಭ್ಯಾಸಬಲದಿಂದ, “ಹಿಂದಿನ ವಕ್ತಾರರ ಮಾತನ್ನು ನಾನು ಅನುಮೋದಿಸುತ್ತೇನೆ,” ಎಂದುಬಿಟ್ಟ. ಕುಳ್ಳಯ್ಯ ಬಟ್ಟಲನ್ನು ಅವನ ಕಡೆಗೆ ಸರಿಸಿದ.

“ಆದರೆ,” ಎಂದ ಚಿಕ್ಕಬಸಪ್ಪ ಒಂದು ಹೆಜ್ಜೆ ಹಿಂದೆ ಸರಿದು, “ಇದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮಪ್ಪ ಇನ್ನೂ ಬದುಕವ್ರೆ ಕಣ್ರಪ್ಪ! ನಾನು ಬೋಳುತಲೇಲಿ ಮಿರ್ಲೆ ಸೇರಿದ್ರೆ, ಅಪ್ಪಂಗೆ ಏನೋ ಆಗೋಯ್ತು ಅಂತ ಊರೆಲ್ಲ ಬಾಯ್ ಬಡ್ಕತದೆ. ಖದೀರಂಗೆ ಆ ತೊಡಕಿಲ್ಲ. ಅವ್ರಲ್ಲಿ ಅಪ್ಪ ಸತ್ರೆ ತಲೆ ಬೋಳಿಸಲ್ಲ.”

ಈ ತರ್ಕಕ್ಕೆ ಸಭೆ ತಲೆದೂಗಿತು. ಖದೀರನ ತಂದೆಯೂ ಬದುಕಿದ್ದರು. ಆದರೆ ಆ ವಿಷಯ ಅಲ್ಲಿ ಅಪ್ರಸ್ತುತವಾಗಿತ್ತು.

ಹೆಂಗಸರು ಎದ್ದು ಹೊರಡಲು ಶುರುಮಾಡಿದರು. ಸಭೆ ಚದುರಿದರೆ ಮಂಡನೆಯಿಲ್ಲ, ಮಂಡನೆಯಿಲ್ಲದೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ಸೋಮವಾರ ಬಾಚಿ. ಖದೀರ್ ವಿಜ್ಞಾನದ ವಿದ್ಯಾರ್ಥಿಗೆ ತಕ್ಕಂತೆ ಎರಡು ಕಡೆಯನ್ನೂ ತೂಗಿದ. ಕೂದಲು ತಾನಾಗಿ ಮತ್ತೆ ಬೆಳೆಯುವ ಪದಾರ್ಥ, ಪರೀಕ್ಷೆ ಹಾಗಲ್ಲ. ಟೋಪಿ ತೆಗೆದು ಚಿಕ್ಕಬಸಪ್ಪನ ಕೈಗೆ ಕೊಟ್ಟು, ಪ್ರಬಂಧವನ್ನು ಬೆಂಚಿನ ಮೇಲಿಟ್ಟು, ಕುಳ್ಳಯ್ಯನ ಮುಂದೆ ಕೂತ.

“ಅಳ್ಳಾಡಬ್ಯಾಡಿ ಸಾಯೇಬ್ರೆ,” ಎಂದ ಕುಳ್ಳಯ್ಯ. “ನಂಗೂ ವಸಿ ಚಳಿಜರ. ಕೈ ನಡುಗ್ತದೆ.”

ಕೆಲಸ ಮುಗಿದಾಗ ಪಟೇಲನು ಖದೀರನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕುಂಬಳಕಾಯಿ ಕೊಳ್ಳುವವನಂತೆ ಬೆರಳಿನಿಂದ ತಟ್ಟಿ ನೋಡಿ, ತೀರ್ಪು ಹೇಳಿದ: “ಚೆನ್ನಾಗದೆ. ನಮ್ಗೆ ಬ್ಯಾಡ.”

ಅಷ್ಟರಲ್ಲಿ ಕತ್ತಲಿಳಿಯುತ್ತಿತ್ತು. ಹೊಸದಾಗಿ ತೆರವಾದ ಆ ಜಾಗವನ್ನು ಮೊದಲು ಕಂಡುಹಿಡಿದದ್ದು ಒಂದು ಸೊಳ್ಳೆ. ಪುಟ್ಟಮಾದಮ್ಮ ಅಯ್ಯೋ ಪಾಪವೆನಿಸಿ ಹೊಡೆಯಲು ಕೈಯೆತ್ತಿದಳು.

“ಹೊಡೀಬೇಡಿ!” ಎಂದು ಖದೀರ್ ಕೂಗಿದ. ಗಂಟಲು ಬಿಟ್ಟಿತ್ತು. ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನ ಧ್ವನಿ ಅದು, ಸಂತೆಮಾಳದಾಚೆಗೂ ಕೇಳಿಸಿತು. “ನೋಡಿ ಹೇಳಿ ಅವ್ವ, ಅದು ಹೆಂಗೆ ಕೂತದೆ? ಮಟ್ಟಸವಾಗಿ ಕೂತದೋ, ಹಿಂದುಗಡೆ ಮೇಲಕ್ಕೆತ್ತಿ ಕೂತದೋ?”

ಪುಟ್ಟಮಾದಮ್ಮ ಬಗ್ಗಿದಳು. “ಎತ್ತದೆ ಕಣಪ್ಪ. ಕೊಬ್ಬಿದ ಕರ ಎತ್ತಿದಂಗೆ ಎತ್ತದೆ.”

“ಹಾಗೆ ಎತ್ತಿ ಕೂರೋದೇ ಚಳಿಜ್ವರದ ಸೊಳ್ಳೆ!”

ಜನ ಮೇಲೆ ಬಿದ್ದಿತು. ನಾ ಮುಂದು ತಾ ಮುಂದು ಎಂದು ಇಡೀ ಅಂತರಸಂತೆ ಖದೀರನ ತಲೆಯ ಮೇಲೆ ಬಗ್ಗಿತು. ಅವನು ತಗ್ಗಿಸಿದ ತಲೆಯನ್ನು ಎತ್ತದೆಯೇ ಹೇಳುತ್ತ ಹೋದ. ಈ ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ, ಒಬ್ಬನ ಜ್ವರವನ್ನು ಇನ್ನೊಬ್ಬನಿಗೆ ಹೇಗೆ ಹೊತ್ತು ತರುತ್ತದೆ, ನಿಂತ ನೀರಿನ ಮೇಲೆ ಸೀಮೆಎಣ್ಣೆ ಬಿಟ್ಟರೆ ಮರಿ ಹೇಗೆ ಉಸಿರುಕಟ್ಟಿ ಸಾಯುತ್ತದೆ. ಕಾಲೇಜಿನ ಎರಡು ವರ್ಷದಲ್ಲಿ ಕಾಣದ ಪ್ರಶ್ನೆಗಳು ಮಳೆಗಾಲದ ಹಾತೆಗಳಂತೆ ಎದ್ದವು.

“ಗಂಡು ಸೊಳ್ಳೇನೂ ಕಚ್ತದಾ?”

“ಇಲ್ಲ, ಹೆಣ್ಣು ಮಾತ್ರ.”

“ನಂಗೊತ್ತಿತ್ತು ಬುಡಿ,” ಎಂದಿತು ಹುಣಸೆಮರದ ಬೀಡಿ.

“ಅಲ್ಲ ಸಾಯೇಬ್ರೆ,” ಎಂದ ಪಟೇಲ, “ಸೊಳ್ಳೆ ಕಚ್ಚೋದ್ರಿಂದ್ಲೇ ಜರ ಬಂದ್ರೆ, ತಲೆ ಬೋಳಿಸ್ಕಂಡು ಅದಕ್ಕೆ ಇನ್ನೊಂದ್ ಅಂಕಣ ಜಾಗ ಮಾಡ್ಕೊಟ್ಟಂಗಾಗ್ಲಿಲ್ವಾ?”

ಇಷ್ಟು ತೂಕದ ಪ್ರಶ್ನೆ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಖದೀರನಿಗೆ ಅಂಥ ಅವಸ್ಥೆಯಲ್ಲೂ ಸಂತೋಷವಾಯಿತು.

ಪ್ರೊಫೆಸರ್ ತಿಮ್ಮಯ್ಯನವರು ಬಂದದ್ದು ಆಗ. ಮೋಟಾರು ದಾರಿಯಲ್ಲಿ ಕೆಟ್ಟುನಿಂತು, ಮಂಡಿಯವರೆಗೆ ಕೆಸರಾಗಿ, ನಡೆದು ಬಂದಿದ್ದರು. ಅವರನ್ನು ಮೊದಲು ಕಂಡವನು ಚಿಕ್ಕಬಸಪ್ಪ. ಬೆಂಚಿನ ಮೇಲಿದ್ದ ಪ್ರಬಂಧವನ್ನು ಎತ್ತಿಕೊಂಡ, ಚಾವಡಿಯ ಲಾಟೀನಿನ ಕೆಳಗೆ ಬೆಂಚನ್ನು ಹತ್ತಿದ, “ಮಹಾಶಯರೇ! ಶೀತಜ್ವರವೆಂಬ ಈ ವ್ಯಾಧಿಯು...” ಎಂದು ಓದತೊಡಗಿದ.

ದೊಡ್ಡವರು ಬಂದರೆಂದು ಜನ ಸರಿದು ಕೂತಿತು. ಎರಡನೆಯ ಪುಟಕ್ಕೆ ಪಟೇಲ ತೂಕಡಿಸಿದ. ನಾಲ್ಕನೆಯದಕ್ಕೆ ಹುಣಸೆಮರದ ಬೀಡಿ ಆರಿತು. ಕೊನೆಯಲ್ಲಿ ಪ್ರೊಫೆಸರು “ಪ್ರಶ್ನೆಗಳಿವೆಯೇ?” ಎಂದರು. ಪೂರ್ಣ ತೃಪ್ತಿ.

“ಇದು ಮಂಡನೆ!” ಎಂದು ಅವರು ಚಿಕ್ಕಬಸಪ್ಪನ ಬೆನ್ನು ತಟ್ಟಿದರು. “ಅರ್ಜಿ ತಾ, ನಾಳೆಯೇ ಸಹಿ ಹಾಕ್ತೀನಿ. ಆ ಖದೀರ್ ಎಲ್ಲಿ? ಈ ಸಲವೂ ತಪ್ಪಿಸಿಕೊಂಡನೇ? ಈ ಬೋಳುತಲೆಯ ರೈತ ಯಾರು?”

“ನಾನೇ ಸಾರ್,” ಎಂದ ಬೋಳುತಲೆ.

ತಿಮ್ಮಯ್ಯನವರು ಕನ್ನಡಕ ಒರೆಸಿ ಹಾಕಿಕೊಂಡರು. ನಡೆದದ್ದನ್ನೆಲ್ಲ ಪಟೇಲನ ಬಾಯಿಂದ ಕೇಳಿದರು. ಅವರ ಮುಖ ಅರಳುತ್ತ ಹೋಯಿತು, ಅದರೊಂದಿಗೆ ಖದೀರನದೂ ಅರಳಿತು.

“ಭಲೇ! ಇಂಥ ಚರ್ಚೆಯನ್ನು ನಾನು ವಿಲಾಯಿತಿಯಲ್ಲೂ ಕೇಳಿಲ್ಲ,” ಎಂದರು. “ಆದರೆ ನಿಯಮದ ಪ್ರಕಾರ ಮೊದಲು ಮಂಡನೆ, ಆಮೇಲೆ ಚರ್ಚೆ. ನಿನ್ನ ಚರ್ಚೆ ಮಂಡನೆಗಿಂತ ಮುಂಚೆ ನಡೆದುಹೋಗಿದೆ, ಆದ್ದರಿಂದ ಅಸಿಂಧು. ಮಂಡನೆ ಮಾಡಿದವನು ಚಿಕ್ಕಬಸಪ್ಪ.”

“ಸಾರ್, ಆ ಪ್ರಬಂಧ ಬರೆದವನು ನಾ... ನಾ...” ಗಂಟಲು ಮತ್ತೆ ಹಿಡಿಯಿತು.

“ಹೆದರಬೇಡ, ಇನ್ನೊಂದು ಅವಕಾಶ ಕೊಡ್ತೀನಿ. ಮುಂದಿನ ಶನಿವಾರ ಪಿರಿಯಾಪಟ್ಟಣ. ಅಲ್ಲಿ ಮೊದಲು ಓದು, ಆಮೇಲೆ ತಲೆ ತೋರಿಸು. ತಲೆ ಮಾತ್ರ ಹೀಗೇ ಇರಬೇಕು. ಎರಡನೆಯ ಸಲದ ಪ್ರಯೋಗ ಮೊದಲನೆಯ ಸಲದ ಸ್ಥಿತಿಯಲ್ಲೇ ನಡೆಯಬೇಕು. ವಿಜ್ಞಾನದ ವಿದ್ಯಾರ್ಥಿ ನೀನು, ನಿನಗೆ ಹೇಳಬೇಕೇ?”

“ನಾನೂ ಬತ್ತೀನಿ ಸಾಯೇಬ್ರೆ,” ಎಂದ ಕುಳ್ಳಯ್ಯ ಕತ್ತಿ ಮಡಿಸುತ್ತ. “ನಿಮ್ ತಲೆ ನಂಗೀಗ ವಸಿ ಪಳಗದೆ.”

ಸಹಿಯ ಆಸೆ ಇನ್ನೂ ಒಂದು ವಾರ ಜೀವ ಹಿಡಿದಿದ್ದರಿಂದ ಹುಣಸೂರಿನಲ್ಲಿ ಬಾಚಿಯೂ ಒಂದು ವಾರ ಕಾಯಲು ಒಪ್ಪಿತು. ಶುಕ್ರವಾರ ಮಧ್ಯಾಹ್ನ ಖದೀರ್ ಪ್ರಯೋಗಶಾಲೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನಾಳೆ ಬೆಳಿಗ್ಗೆ ಹೋಗಲಿರುವ ಕೂದಲನ್ನು ವರ್ನಿಯರ್ ಮಾಪಕದಿಂದ ಅಳೆದ. ಉದ್ದ ೨.೧ ಮಿಲಿಮೀಟರ್.